ಸುಡದೆ ಉಳಿಸಿದ ಕಾರ್ಬನ್ ಹಾಳೆಗಳು

ಮೂಡಲಗಿಯ ಕಾರಕೂನರು ಕೆಲಸ ಕಳೆದುಕೊಂಡದ್ದು ನನ್ನ ತಪ್ಪಿನಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡೇನು ಎಂಬ ಅಂಜಿಕೆ ಇದೆ. ನಾನು ಸಾಲೆಗೆ ಹೋದದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರ ಮರೆಯದೆ ಉಳಿದದ್ದು ಅಣ್ಣನ ಟ್ರಾನ್ಸ್‌ಪೋರ್ಟ್ ಕಚೇರಿಯ ಕಾಗದಗಳನ್ನು ಓದಿ ಓದಿ. ಆ ಕಾಗದಗಳಿಂದಲೇ ಈ ಕಥೆಯೂ ಹುಟ್ಟಿತು.

ಕಚೇರಿ ಎಂದರೆ ದೊಡ್ಡದೇನಲ್ಲ. ಗೋಕಾಕದ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆಯದೇ ಮುಂದಿನ ಪಡಸಾಲೆ. ಒಂದು ಮೇಜು, ಒಂದು ತೂಕದ ಕಾಟಾ, ಗೋಡೆಗೆ ಆನಿಸಿದ ಬೆಂಚು. ಅದು ತೊಂಬತ್ತರ ದಶಕದ ಮಾತು. ವಾರಕ್ಕೆ ಮೂರು ಸಲ ಲಾರಿ ತುಂಬುತ್ತಿತ್ತು. ಮೂಡಲಗಿಯ ಬೆಲ್ಲ, ಹುಕ್ಕೇರಿ ಕಡೆಯ ಶೇಂಗಾ, ನಮ್ಮೂರಿನ ಕರದಂಟಿನ ಡಬ್ಬಿಗಳು, ಎಲ್ಲವೂ ಒಂದೇ ಲಾರಿಯಲ್ಲಿ ಮಹಾರಾಷ್ಟ್ರದ ಪೇಟೆಗಳಿಗೆ ಹೋಗುತ್ತಿದ್ದವು. ಲಾರಿ ಬಿಡುವ ಮುಂಚೆ ಅಣ್ಣ ಉದ್ದನೆಯ ಹಾಳೆಯ ಮೇಲೆ ಚಲನ್ ಬರೆಯುತ್ತಿದ್ದ. ಚಲನ್ ಎಂದರೆ ಆ ಲಾರಿಯ ಜಾತಕವೇ ಸರಿ: ಯಾರ ಮಾಲು, ಎಷ್ಟು ಚೀಲ, ಯಾವ ಊರಿನ ಯಾವ ಅಂಗಡಿಗೆ.

ಬೆಲ್ಲದ ವ್ಯಾಪಾರಿಗೆ ತನ್ನ ಗಿರಾಕಿ ಯಾರು ಎನ್ನುವುದೇ ಆಸ್ತಿ. ಸಾಂಗಲಿಯಲ್ಲಿ, ಮಿರಜದಲ್ಲಿ ತನ್ನ ಬೆಲ್ಲ ಕೊಳ್ಳುವವನ ಹೆಸರು ಬಾಜೂ ಅಂಗಡಿಯವನಿಗೆ ತಿಳಿದರೆ, ಮರುವಾರ ಅವನೂ ಅಲ್ಲಿಗೆ ಮಾಲು ಒಯ್ದು ನಿಲ್ಲುತ್ತಾನೆ. ಅದಕ್ಕಾಗಿ ಚೀಲಗಳ ಮೇಲೆ ಯಾರೂ ಹೆಸರು ಬರೆಸುತ್ತಿರಲಿಲ್ಲ. ಬರಿ ಒಂದು ಗುರುತು: ಅರ್ಧ ಚಂದ್ರ, ಎರಡು ಗೆರೆ, ಒಂದು ಕೊಡಲಿ. ಆ ಗುರುತು ಯಾವ ಅಂಗಡಿಯದು ಎಂಬುದು ಅಣ್ಣನಿಗೆ, ಮೂಡಲಗಿಯಲ್ಲಿ ಮಾಲು ಬರೆದುಕೊಳ್ಳುತ್ತಿದ್ದ ಕಾರಕೂನರಿಗೆ ಮತ್ತು ಆ ಚಲನ್‌ಗೆ ಮಾತ್ರ ಗೊತ್ತು; ಡ್ರೈವರ್ ಅಲ್ಲಿಯ ಗೋದಾಮಿಗೆ ಮಾಲು ಇಳಿಸಿ ಬರುವವನು, ಚಲನ್ ಓದಲು ಬಾರದವನು.

“ಲಾರಿ ಪಲ್ಟಿ ಆದ್ರ ಮಾಲು ತುಂಬಿ ಕೊಡಬಹುದು,” ಎಂದು ಅಣ್ಣ ಹಮಾಲರಿಗೂ ಡ್ರೈವರ್‌ಗೂ ಹೇಳುತ್ತಿದ್ದ. “ಮಾತು ಪಲ್ಟಿ ಆದ್ರ ಏನ್ ತುಂಬಿ ಕೊಡ್ತೀರಿ?”

ಚಲನ್ ಮೂರು ಪ್ರತಿ ಬೇಕು. ತಪಾಸಣೆ ನಾಕೆಯಲ್ಲಿ ಅಕ್ಷರ ಮಸುಕಾಗಿದ್ದರೆ ತಕರಾರು ಮಾಡುತ್ತಾರೆಂದು ಅಣ್ಣ ಪ್ರತಿ ಸಲವೂ ಎರಡು ಹೊಸ ಕಾರ್ಬನ್ ಹಾಳೆ ತೆಗೆಯುತ್ತಿದ್ದ. ಒಂದೇ ಸಲ ಬಳಸಿದ ಹೊಸ ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಬರೆದದ್ದೆಲ್ಲ ಅದರಲ್ಲಿ ಕಾಣುತ್ತದೆ. ಇದು ಅಣ್ಣನಿಗೆ ಗೊತ್ತಿತ್ತು. ಹರಿದರೆ ಜೋಡಿಸಬಹುದು, ತಿಪ್ಪೆಗೆ ಹಾಕಿದರೆ ಹೆಕ್ಕಬಹುದು. ಹಾಗಾಗಿ ಸುಡಬೇಕು, ಅದೂ ಮನೆಯವರ ಕೈಯಿಂದಲೇ ಸುಡಬೇಕು ಎಂದು ಆ ಕೆಲಸ ನನಗೆ ಕೊಟ್ಟಿದ್ದ.

ಚಲನ್ ಬರೆದು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೆಂಕಿಗೆ ಹುಳುಹುಪ್ಪಟೆ ಬಿದ್ದು ಸಾಯುತ್ತವೆಂದು ಅವ್ವ ಇದ್ದಾಗಿನಿಂದಲೂ ಹಾಗೆಯೇ; ಊಟವೂ ಬೆಳಕಿರುವಾಗಲೇ. ಆದ್ದರಿಂದ ಕಾರ್ಬನ್ ಹಾಳೆಗಳನ್ನು ಅಣ್ಣ ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಡುತ್ತಿದ್ದ. ಬೆಳಿಗ್ಗೆ ಸ್ನಾನದ ನೀರಿನ ಒಲೆ ಹೊತ್ತಿಸಿದಾಗ ನಾನು ಅವನ್ನು ಅದರೊಳಗೆ ಹಾಕಬೇಕು. ಸಂಜೆಯಿಂದ ಬೆಳಗಿನವರೆಗೆ ಆ ಡಬ್ಬಿ ನನ್ನ ವಶ.

ನಾನು ಮದುವೆಯಾಗಿ ಎರಡೇ ವರ್ಷಕ್ಕೆ ತವರಿಗೆ ತಿರುಗಿ ಬಂದವಳು. ಅಣ್ಣ ಮದುವೆಯನ್ನೇ ಮಾಡಿಕೊಳ್ಳಲಿಲ್ಲ. ನಾನು ಟ್ರಂಕು ಹಿಡಿದು ಬಾಗಿಲಲ್ಲಿ ನಿಂತ ದಿನ ಅವನು ಯಾಕೆ ಬಂದೆ ಎಂದು ಕೇಳಲಿಲ್ಲ. “ಬಂದ್ಯಾ? ಕೈಕಾಲು ತೊಕ್ಕೊ,” ಎಂದ, ಅಷ್ಟೇ. ಆಮೇಲೆಯೂ ಕೇಳಲಿಲ್ಲ. ನನಗೆ ಇದ್ದದ್ದು ಆ ಒಂದು ಮನೆ.

ಮಧ್ಯಾಹ್ನ ಹೊತ್ತು ಹೋಗಲೆಂದು ಬಸದಿಯ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದ ಹೊಲಿಗೆ ಕ್ಲಾಸಿಗೆ ಅಣ್ಣನೇ ಸೇರಿಸಿದ. ಅಲ್ಲಿ ದಿಂಬಿನ ಚೀಲ, ಟೇಬಲ್ ಬಟ್ಟೆಗಳ ಮೇಲೆ ಬಣ್ಣದ ದಾರದಿಂದ ಹೂ, ಹಕ್ಕಿ ತೆಗೆಯುವುದನ್ನು ಕಲಿಸುತ್ತಿದ್ದರು. ಚಿತ್ರವನ್ನು ಬಟ್ಟೆಗೆ ಇಳಿಸಲು ಕಾರ್ಬನ್ ಬೇಕು. ಅಂಗಡಿಯಲ್ಲಿ ಸಿಗುವ ಹಾಳೆ ಗೇಣುದ್ದ. ನವಿಲಿನ ತಲೆ ಮೂಡಿದರೆ ಬಾಲಕ್ಕೆ ಜಾಗವಿಲ್ಲ. ನಮ್ಮ ಚಲನ್ನಿನ ಕಾರ್ಬನ್ ಮೊಳದುದ್ದ. ಇಡೀ ನವಿಲು ಒಂದೇ ಹಾಳೆಯಲ್ಲಿ ಕೂಡುತ್ತಿತ್ತು. ಒಂದೇ ಸಲ ಬಳಸಿದ್ದು, ನೀಲಿ ಹಾಗೇ ಮಿಂಚುತ್ತಿತ್ತು. ಅಂಥದ್ದನ್ನು ಒಲೆಗೆ ಹಾಕಲು ನನಗೆ ಕೈ ಬರಲಿಲ್ಲ. ಮೊದಲು ಎರಡು ಹಾಳೆ ಗಾದಿಯ ಕೆಳಗೆ ಇಟ್ಟುಕೊಂಡೆ. ಆಮೇಲೆ ಒಲೆಗೆ ಹಳೆಯ ಪಂಚಾಂಗ ಹಾಕಿ ಡಬ್ಬಿ ಖಾಲಿ ಮಾಡಿ ತೋರಿಸತೊಡಗಿದೆ.

ಕ್ಲಾಸಿನಲ್ಲಿ ನನ್ನ ಕಾರ್ಬನ್ನಿಗೆ ಬೇಡಿಕೆ ಬಂತು. ಓದಿದ ಹೆಣ್ಣುಮಕ್ಕಳು, ಸರಕಾರಿ ನೌಕರರ ಹೆಂಡಂದಿರು “ಅಕ್ಕಾರ, ನನಗೊಂದು ಕೊಡ್ರಿ” ಎಂದು ಕೇಳುವಾಗ ನನಗೆ ಏನೋ ಹಿಗ್ಗು. ಅವರ ನಡುವೆ ಒಬ್ಬ ಹೊಸ ಸೊಸೆ ಇದ್ದಳು. ಹುಕ್ಕೇರಿಯ ಹುಡುಗಿ, ಗೋಕಾಕಕ್ಕೆ ಮದುವೆಯಾಗಿ ಬಂದು ಆರು ತಿಂಗಳಾಗಿರಲಿಲ್ಲ. ಅವಳ ಮಾವನದೂ ಟ್ರಾನ್ಸ್‌ಪೋರ್ಟ್ ಕಚೇರಿ, ನಮ್ಮ ಕಚೇರಿಗೆ ಎದುರಾಳಿ. ಇದು ನನಗೆ ಗೊತ್ತಿತ್ತು. ಲಾರಿ ಗಂಡಸರದು, ನವಿಲು ನಮ್ಮದು ಎಂದುಕೊಂಡು ಕೊಟ್ಟೆ.

“ಹೊಸಾವು ಇದ್ರ ಕೊಡ್ರೆಕ್ಕಾ,” ಎಂದು ಕೆಲವು ವಾರಗಳ ಮೇಲೆ ಆಕೆ ಕೇಳತೊಡಗಿದಳು. “ಹಳೇವಕ್ಕ ಬಣ್ಣ ಹತ್ತವಲ್ದು.”

“ಎಷ್ಟ್ ನವಿಲು ತಗೀತಿಯವಾ? ನಿಮ್ಮ ಮನಿಗೆ ಅರಣ್ಯದವ್ರು ಬಂದಾರು,” ಎಂದು ಪಕ್ಕದವಳು ಚೇಷ್ಟೆ ಮಾಡಿದಾಗ ಎಲ್ಲರೂ ನಕ್ಕೆವು. ಆಕೆ ನಗಲಿಲ್ಲ. ಅದನ್ನೂ ನಾನು ನೋಡಿದ್ದೆ.

ಕಾರಕೂನರ ವಿಷಯ ಹೇಳಬೇಕು. ಕರಿ ಟೊಪ್ಪಿಗೆ, ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ. ಅಣ್ಣನಿಗಿಂತ ಹದಿನೈದು ವರ್ಷ ದೊಡ್ಡವರು. ನಾವಿಬ್ಬರೂ ಕಾಕಾ ಎನ್ನುತ್ತಿದ್ದೆವು. ಮೂಡಲಗಿಯಲ್ಲಿ ಬೆಳಿಗ್ಗೆ ಮಾಲು ಬರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಆ ಚೀಟಿಗಳನ್ನು ಗೋಕಾಕಕ್ಕೆ ತರುತ್ತಿದ್ದರು. ಚೀಟಿಗಳು ಅಂಗಿಯ ಒಳಜೇಬಿನಲ್ಲಿ, ಜೇಬಿಗೆ ಪಿನ್ನು. ಅರಭಾವಿಯಲ್ಲಿ ಕಾಲೇಜಿನ ಹುಡುಗರು ಬಸ್ಸು ಹತ್ತಿ ಒತ್ತಿ ನಿಂತರೆ ಇವರು ಎರಡೂ ಕೈ ಎದೆಯ ಮೇಲಿಟ್ಟುಕೊಳ್ಳುತ್ತಿದ್ದರಂತೆ. “ಅಜ್ಜಾರ, ಹಾರ್ಟಿಂದೇನ್ರಿ ತ್ರಾಸು?” ಎಂದು ಹುಡುಗರು ಕೇಳುತ್ತಿದ್ದುದನ್ನು ಅವರೇ ಹೇಳಿ ನಗುತ್ತಿದ್ದರು.

ಒಂದು ದಿನ ಮೂಡಲಗಿಯ ಹಿರಿಯ ವ್ಯಾಪಾರಿಯೊಬ್ಬರು ಬಸ್ಸಿಳಿದು ನೇರ ನಮ್ಮ ಪಡಸಾಲೆಗೆ ಬಂದರು. ಕೂಡಲಿಲ್ಲ.

“ನನ್ನ ಸಾಂಗಲಿ ಗಿರಾಕಿ ಮುಂದ ನನ್ನ ಬಾಜೂ ಅಂಗಡ್ಯಾಂವ ಹೋಗಿ ನಿಂತಾನ,” ಎಂದರು. “ಅಂಗಡಿ ಹೆಸರು, ಓಣಿ ಹೆಸರು, ಎಷ್ಟು ಚೀಲ ತಗೋತಾನ ಅನ್ನೂದು, ಎಲ್ಲಾ ಗೊತ್ತೈತಿ ಅವಗ. ಕನಸಿನ್ಯಾಗ ಬಂದಿತ್ತೇನು?”

“ಸಾಹುಕಾರ್ರ, ಕುಂಡ್ರಿ. ನಾ ವಿಚಾರ ಮಾಡ್ತೇನಿ.”

“ನೀ ಕುಂತು ವಿಚಾರ ಮಾಡು. ನನ್ನ ಬೆಲ್ಲ ಬ್ಯಾರೇ ಲಾರ್‍ಯಾಗ ಹೊಕ್ಕೈತಿ.”

ಅದೇ ತಿಂಗಳು ಇನ್ನಿಬ್ಬರು ಹೀಗೆಯೇ ಬಿಟ್ಟುಹೋದರು. ಅಣ್ಣ ಊಟದ ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಮುರಿದು ಹಾಗೇ ಇಡುತ್ತಿದ್ದ. ಒಮ್ಮೆ ನನಗೆ ಕೇಳಿದ: “ಡಬ್ಬ್ಯಾಗಿನ ಹಾಳಿ ತಪ್ಪದ ಸುಡಾಕತ್ತೀ ಹೌದಲ್ಲ?”

“ಹೂಂ,” ಎಂದೆ. ಒಂದು ಅಕ್ಷರ. ಆಗಲೂ ನನಗೆ ಪೂರ್ತಿ ಹೊಳೆದಿರಲಿಲ್ಲ. ಆದರೆ ಹಾಳೆಗಳು ಗಾದಿಯ ಕೆಳಗಿದ್ದವು. ನಂಬಿ ಕೇಳಿದವನಿಗೆ ಸುಳ್ಳು ಹೇಳಿದ್ದೆ.

ಅದಾಗಿ ನಾಲ್ಕೈದು ದಿನಕ್ಕೆ ಆ ಹೊಸ ಸೊಸೆ ಕ್ಲಾಸಿಗೆ ಬರಲಿಲ್ಲ. ಅವಳು ಹಿಂದಿನ ಸಲ ಮರೆತುಹೋದ, ಬಟ್ಟೆ ಬಿಗಿದು ಹಿಡಿಯುವ ಕಸೂತಿಯ ಬಳೆಯನ್ನು ಕೊಡಲೆಂದು ಮರುದಿನ ಬೆಳಿಗ್ಗೆ ಅವಳ ಮನೆಗೆ ಹೋದೆ. ಗಂಡಸರು ಹೊರಗೆ ಹೋಗಿದ್ದರು. ಆಕೆ ನೀರು ತರಲು ಒಳಗೆ ಹೋದಾಗ ನಾನು ಪಡಸಾಲೆಯ ಬಾಜೂ ಕೋಣೆಯತ್ತ ನೋಡಿದೆ. ಮೂಡಣ ಕಿಟಕಿಯ ಸರಳುಗಳಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ನನ್ನ ಕಾರ್ಬನ್ ಹಾಳೆಗಳನ್ನು ಸಾಲಾಗಿ ತೂಗುಬಿಟ್ಟಿದ್ದರು. ಬೆಳಗಿನ ಬಿಸಿಲು ಅವುಗಳ ಹಿಂದೆ ಬಿದ್ದಿತ್ತು. ಅಣ್ಣನ ಅಕ್ಷರ ನೀಲಿಯಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಯಾರ ಮಾಲು, ಎಷ್ಟು ಚೀಲ, ಯಾವ ಅಂಗಡಿ. ನಾಲ್ಕನೆಯ ಇಯತ್ತೆ ಓದಿದ ನನಗೂ ಓದಲು ಬಂತು. ಕಿಟಕಿಯ ಕೆಳಗೆ ಒಂದು ನೋಟಬುಕ್ಕು, ಪೆನ್ನು.

ಆಕೆ ತಂಬಿಗೆ ಹಿಡಿದು ನನ್ನ ಹಿಂದೆ ನಿಂತಿದ್ದಳು.

“ಮಾವ್ನೋರು ಒಂದಿನ ನನ್ನ ಕೈಯಾಗಿಂದು ಕಸಗೊಂಡು ನೋಡಿದ್ರು,” ಎಂದಳು. “ಆಮ್ಯಾಲೆ ತಾವ ಕೇಳಿ ತರಸಾಕತ್ರು, ಬರಕೊಂಡು ತಮ್ಮ ಲಾರಿಗೆ ಮಾಲು ಹಾಕೂ ವ್ಯಾಪಾರಿಗೋಳಿಗೆ ಹೇಳಾಕತ್ರು. ನಾ ಏನ್ ಮಾಡ್ಲೆಕ್ಕಾ? ನಿಮ್ಮ ಮುಂದ ಹೇಳಬೇಕಂತ ಬರ್ತಿದ್ನಿ. ಬಾಯಿ ಬರ್ತಿರಲಿಲ್ಲ.”

ಅವಳ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಹೊಸ ಮನೆಯಲ್ಲಿ ಬಾಯಿ ಬರದೆ ನಿಲ್ಲುವುದು ಏನೆಂದು ನನಗೆ ಗೊತ್ತು. ನೀರು ಕುಡಿಯದೆ ಬಂದೆ. ಗಾದಿಯ ಕೆಳಗಿದ್ದದ್ದನ್ನೆಲ್ಲ ತೆಗೆದು ಒಲೆಗೆ ಹಾಕಿದೆ. ಕ್ಲಾಸು ಬಿಟ್ಟೆ. ಅಣ್ಣನಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ.

ಎರಡನೆಯ ದಿನ ಮಧ್ಯಾಹ್ನ ಚಹಾ ಹಿಡಿದು ಪಡಸಾಲೆಯ ಬಾಗಿಲಿಗೆ ಬಂದಾಗ ಅಣ್ಣ ಕಾರಕೂನರ ಜೊತೆ ಮಾತಾಡುತ್ತಿದ್ದ.

“ಕಾಕಾ, ನಾಳೆಯಿಂದ ಬರಬ್ಯಾಡ್ರಿ.”

“ಯಾಕಪಾ?”

“ಯಾಕ ಅಂತ ನಿಮಗ ಗೊತ್ತೈತಿ.”

“ನನಗ ಗೊತ್ತಿಲ್ಲ. ನೀನ ಹೇಳು.”

ಅಣ್ಣ ಹೇಳಲಿಲ್ಲ, ಕೇಳಲೂ ಇಲ್ಲ. ಗುರುತುಗಳು ಗೊತ್ತಿದ್ದವರು ಇಬ್ಬರೇ, ತಾನಲ್ಲದಿದ್ದರೆ ಅವರೇ. ಕಾಕಾ ಒಳಜೇಬಿನ ಪಿನ್ನು ತೆಗೆದು ಆ ದಿನದ ಚೀಟಿಗಳನ್ನು ಮೇಜಿನ ಮೇಲಿಟ್ಟರು. ಪಿನ್ನನ್ನೂ ಅದರ ಪಕ್ಕಕ್ಕೆ ಇಟ್ಟರು. ನನ್ನ ಕೈಯಲ್ಲಿ ಬಟ್ಟಲು ನೋಡಿ, “ಚಾ ಬ್ಯಾಡವಾ ತಂಗೀ, ಬಸ್ಸು ತಪ್ಪತೈತಿ,” ಎಂದು ಮೆಟ್ಟಿಲಿಳಿದರು. ಬಾಗಿಲಿಗೂ ಮೇಜಿಗೂ ನಾಲ್ಕು ಹೆಜ್ಜೆ ಇರಬಹುದು. ನಾನು ಆ ನಾಲ್ಕು ಹೆಜ್ಜೆ ಇಡಲಿಲ್ಲ. ಹೇಳಿದರೆ ಅಣ್ಣ ನನ್ನನ್ನು ಹೊರಗೆ ಹಾಕುತ್ತಾನೆ, ಇನ್ನೊಮ್ಮೆ ಟ್ರಂಕು ಹಿಡಿದು ಯಾವ ಬಾಗಿಲಿಗೆ ಹೋಗಲಿ ಎನ್ನುವ ಒಂದೇ ಯೋಚನೆ ಇತ್ತು.

ಅಂದಿನಿಂದ ಸುದ್ದಿ ಸೋರುವುದು ನಿಂತಿತು. ನಾನು ಕಾರ್ಬನ್ ಸುಟ್ಟಿದ್ದರಿಂದ ನಿಂತಿತು. ಆದರೆ ಊರಿಗೆ, ಅಣ್ಣನಿಗೆ ಕಂಡದ್ದು ಬೇರೆ: ಕಾರಕೂನ ಹೋದ, ಸೋರುವುದು ನಿಂತಿತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಬಿಟ್ಟುಹೋದ ವ್ಯಾಪಾರಿಗಳೂ ತಿರುಗಿ ಬಂದರು. “ಮನಿ ಉಪ್ಪು ಉಂಡು ಹಿಂಗ್ ಮಾಡಿದ ನೋಡು,” ಎಂದು ಬೆಂಚಿನ ಮೇಲೆ ಕೂತು ಮಾತಾಡಿಕೊಂಡರು. ಮೂಡಲಗಿಯಲ್ಲಿ ಕಾಕಾನಿಗೆ ಬೇರೆ ಯಾರೂ ಕೆಲಸ ಕೊಡಲಿಲ್ಲ. ಅವರು ಮನೆ ಬಿಟ್ಟು ಹುಕ್ಕೇರಿಯಲ್ಲಿದ್ದ ತಮ್ಮನ ಮನೆಗೆ ಹೋದರು, ಅಲ್ಲಿ ಸರಕಾರಿ ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಾರೆ ಎಂದು ಹಮಾಲನೊಬ್ಬ ಹೇಳಿದ. ಆ ಸುದ್ದಿ ಕೇಳಿದ ದಿನ ನಾನು ರೊಟ್ಟಿ ಸುಟ್ಟು ಕರಕಲು ಮಾಡಿದೆ. ಅಣ್ಣ ಬೈಯಲಿಲ್ಲ. ಅವನು ಬೈಯದಿರುವುದನ್ನು ಎಂಟು ವರ್ಷ ಸಹಿಸಿದೆ.

ಎಂಟು ವರ್ಷದ ಮೇಲೆ ಕಚೇರಿಗೆ ಕಂಪ್ಯೂಟರ್ ಬಂತು. ಚಲನ್ ಅದರಲ್ಲೇ ಬರೆಯುವುದು, ಅದರಲ್ಲೇ ಇಡುವುದು. ಅದನ್ನು ಕೂಡಿಸಲು ಬೆಳಗಾವಿಯಿಂದ ಬಂದವನು ಒಂದು ಗುಟ್ಟಿನ ಶಬ್ದ ಹಾಕಿಕೊಳ್ಳಲು ಹೇಳಿದ. “ಇದು ಯಾರಿಗೂ ಗೊತ್ತಾಗಬಾರ್ದರಿ. ನಿಮಗ ಜಡ್ಡು ಗಿಡ್ಡು ಬಂದ್ರ ಬೇಕಾಗ್ತೈತಿ, ಮನ್ಯಾಗ ಒಬ್ಬರಿಗೆ ಹೇಳಿಟ್ಟಿರ್ರಿ. ಪಕ್ಕಾ ನಂಬಿಕಿ ಇದ್ದವರಿಗೆ ಮಾತ್ರ.”

ಅಣ್ಣ ನೇರ ಅಡಿಗೆಮನೆಗೆ ಬಂದ. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ.

“ಒಂದು ಶಬ್ದ ಹೇಳ್ತೇನಿ, ತಲ್ಯಾಗ ಇಟ್ಕೊ.”

“ನನಗ ಹೇಳಬ್ಯಾಡ ಅಣ್ಣಾ.”

“ಯಾಕ? ಮರೀತಿಯೇನು?”

“ಮರಿಯೂದಿಲ್ಲ. ನನಗ ಹೇಳಬಾರ್ದು.”

ಹಾಗೆ ಶುರುವಾಗಿ ಎಲ್ಲವನ್ನೂ ಹೇಳಿದೆ. ನವಿಲು, ಗಾದಿ, ಪಂಚಾಂಗ, ಕಿಟಕಿ. ಅಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದ. ಮುಗಿದ ಮೇಲೆ ಒಂದೇ ಮಾತು ಕೇಳಿದ: “ಕಾಕಾನ್ನ ತಗದಾಗ ನಿನಗ ಗೊತ್ತಿತ್ತೇನು?”

“ಎರಡು ದಿನ ಮೊದಲ ಗೊತ್ತಿತ್ತು.”

ಅವನು ಅಲ್ಲೇ ಹೊಸ್ತಿಲ ಮೇಲೆ ಕೂತ. ನನ್ನನ್ನು ಬೈದರೆ ಅಳಬಹುದಿತ್ತು. “ನಾ ಒಂದ್ ಮಾತು ಕೇಳಲಿಲ್ಲಲ್ಲ ಅವರ್ನ,” ಎಂದು ತನಗೆ ತಾನೇ ಅಂದುಕೊಂಡ. ಹೊತ್ತು ಮುಳುಗಿತು, ಇಬ್ಬರೂ ಉಣ್ಣಲಿಲ್ಲ. ಬೆಳಿಗ್ಗೆ, “ಸೀರಿ ಉಟ್ಕೋ, ಹುಕ್ಕೇರಿಗೆ ಹೋಗೂದೈತಿ,” ಎಂದ.

ಹುಕ್ಕೇರಿಯಲ್ಲಿ ಕಾಕಾ ಬೇವಿನ ಗಿಡದ ಕೆಳಗೆ ಒಂದು ಸಣ್ಣ ಮೇಜು ಹಾಕಿಕೊಂಡಿದ್ದರು. ಹುಬ್ಬು ನೆರೆತಿತ್ತು, ಟೊಪ್ಪಿಗೆ ಅದೇ. ಒಬ್ಬ ಮುದುಕಿಗೆ ಪಿಂಚಣಿಯ ಅರ್ಜಿ ಬರೆದುಕೊಡುತ್ತಿದ್ದರು. ಅದು ಮುಗಿಯುವವರೆಗೆ ನಾವು ನಿಂತೆವು. ಆಮೇಲೆ ತಲೆ ಎತ್ತಿ, “ಏನ್ರಿ, ಅರ್ಜಿ ಬರಸಾಕ ಬಂದೀರೇನು?” ಎಂದರು.

ಅಣ್ಣ ಕೈ ಮುಗಿದ. ನಡೆದದ್ದನ್ನೆಲ್ಲ ನಾನು ಹೇಳಿದೆ. ಕೇಳುತ್ತ ಕೇಳುತ್ತ ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

“ಎಂಟು ವರ್ಷ ವಿಚಾರ ಮಾಡೇನಿ, ಯಾರಿರಬೇಕು ಅಂತ,” ಎಂದರು. “ಡ್ರೈವರ್ ಇರಬೇಕು, ಹಮಾಲ ಇರಬೇಕು ಅಂತಿದ್ನಿ. ಬಚ್ಚಲದ ಒಲಿ ತಲ್ಯಾಗ ಬರಲೇ ಇಲ್ಲ ನೋಡು.” ನಕ್ಕರು. ಆ ನಗುವನ್ನು ನೋಡಲಾಗಲಿಲ್ಲ.

“ಕಾಕಾ, ತಿರಗಿ ಬರ್ರಿ,” ಎಂದ ಅಣ್ಣ.

“ಕೆಲಸ ಯಾರಿಗೆ ಬೇಕಾಗೇತಿ? ನನ್ನ ಮಗಳ ಲಗ್ನಕ್ಕ ಮೂಡಲಗಿ ಪ್ಯಾಟ್ಯಾಗಿಂದು ಒಂದು ನರಪಿಳ್ಳೆ ಬರಲಿಲ್ಲ. ಪತ್ರಿಕಾ ಕೊಡಾಕ ಹೋದ್ರ ನಿಂತ ಕಡೇನ ಇಸ್ಗೊಂಡು ಕಳಸಿದ್ರು, ಕುಂಡ್ರು ಅನ್ನಲಿಲ್ಲ. ಅಲ್ಲಿ ಹೋಗಿ ಹೇಳ್ರಿ. ಇಲ್ಲಿ ಗಿಡದ ಕೆಳಗ ಹೇಳಿದ್ರ ಏನಾತು?”

ಮರುದಿನ ಮೂಡಲಗಿಗೆ ಹೋದೆವು. ಗಂಡಸರು ಕೂತ ಅಂಗಡಿಯೊಳಗೆ ನಾನು ಹಾಗೆ ಎಂದೂ ಹೋದವಳಲ್ಲ. ಅಂದು ಬಸ್ಸಿಳಿದು ಬಂದು ಕೂಡದೆ ಹೋಗಿದ್ದ ಆ ಹಿರಿಯ ವ್ಯಾಪಾರಿ ಗಾದಿಯ ಮೇಲಿದ್ದರು. ಇನ್ನೂ ಮೂವರು ಅಲ್ಲೇ ಕೂತಿದ್ದರು. ನಾನು ಹೇಳುತ್ತೇನೆ ಎಂದು ಅಣ್ಣ ಮುಂದೆ ಬಂದ. ಬೇಡ ಎಂದು ನಾನೇ ಹೇಳಿದೆ. ಮುಗಿದಾಗ ಒಬ್ಬರು ಕೇಳಿದರು: “ಯಾವ ಕಾರಕೂನ?”

“ಕರೀ ಟೊಪ್ಪಿಗೀದಂವ ಇದ್ದನಲ್ಲೋ,” ಎಂದರು ಇನ್ನೊಬ್ಬರು. “ಅಲ್ಲೀದು ಇಲ್ಲಿ ಹೇಳ್ತಿದ್ದನಲಾ, ಅಂವ.”

“ಹೇಳ್ತಿರಲಿಲ್ಲ ಅಂತ ಹೇಳಾಕ ಬಂದೇನ್ರಿ,” ಎಂದೆ.

ಏನು ಸೋರಿತ್ತು, ಯಾರ ಗಿರಾಕಿ ಹೋಗಿದ್ದ ಎನ್ನುವುದನ್ನು ಆ ಮೂವರೂ ಮರೆತಿದ್ದರು. ಆ ಮನುಷ್ಯ ಚಾಡಿಕೋರ ಎನ್ನುವುದೊಂದು ಉಳಿದಿತ್ತು. ಹಿರಿಯ ವ್ಯಾಪಾರಿ ಮಾತ್ರ ಮರೆತಿರಲಿಲ್ಲ. ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿಟ್ಟರು. ಆಮೇಲೆ ಅಣ್ಣನಿಗೆ, “ಲಗ್ನದ ಪತ್ರಿಕಾ ನನಗೂ ಕೊಟ್ಟಿದ್ದ. ನಾ ಮಾರಿ ತಿರುವಿದ್ನಿ,” ಎಂದರು. “ಬರೂ ಸಂತಿಗೆ ಕರಕೊಂಡು ಬಾ. ನನ್ನ ಬಾಜೂ ಕುಂಡ್ರಲಿ.”

ಕಾಕಾ ಬಂದರು. ಸಂತೆಯ ದಿನ ಆ ಗಾದಿಯ ಮೇಲೆ ಹಿರಿಯ ವ್ಯಾಪಾರಿಯ ಪಕ್ಕ ಒಂದು ತಾಸು ಕೂತರು. ಹೋಗುವವರು ಬರುವವರು ನೋಡಿದರು. ಕೆಲವರು ನಮಸ್ಕಾರ ಮಾಡಿದರು, ಕೆಲವರು ಯಾರೆಂದು ಗುರುತಿಸಲಿಲ್ಲ. ಎರಡು ಸಲ ಚಹಾ ಬಂತು. ಎರಡೂ ಸಲ ಕುಡಿದರು.

ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಬಸ್ಸು ಎಷ್ಟೊತ್ತಿಗೆ ಎಂದು ಕೇಳಲು ಹೋದಾಗ ಅವರ ಬಳಿ ನಾನೊಬ್ಬಳೇ ನಿಂತಿದ್ದೆ.

“ಇಷ್ಟು ವರ್ಷ ನಿಮ್ಮಣ್ಣನ ಮ್ಯಾಲೆ ಸಿಟ್ಟು ಇಟ್ಗೊಂಡು ಬಂದ್ನಿ,” ಎಂದರು. “ಈಗ ಅದನ್ನ ಎಲ್ಲಿ ಇಡ್ಲಿ?”

“ನನ್ನ ಮ್ಯಾಲೆ ಇಡ್ರಿ.”

“ನೀ ಗೊತ್ತಿಲ್ದ ಮಾಡಿದಾಕಿ.”

“ಹಾಳಿ ಕೊಟ್ಟಿದ್ದು ಗೊತ್ತಿಲ್ದ. ನೀವು ಮೆಟ್ಟಲ ಇಳಿಯೂ ಮುಂದ ಸುಮ್ಮನ ನಿಂತಿದ್ದು ಗೊತ್ತಿದ್ದ.”

ಅವರು ನನ್ನ ಮುಖ ನೋಡಿದರು. ಇಲ್ಲ ಬಿಡು, ಆಗಿದ್ದಾತು ಎಂದು ಅನ್ನಲಿಲ್ಲ. ಹಾಗೆ ಅನ್ನಲಿಲ್ಲವೆಂದೇ ನನಗೆ ಉಸಿರು ಹಗುರಾಯಿತು.

“ಆಗ್ಲಿ,” ಎಂದರು. “ಸ್ವಲ್ಪ ದಿನ ಇಟ್ಟಿರ್ತೇನಿ.”

ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟು ಹಿಡಿದು, ಎರಡೂ ಕೈಗಳನ್ನು ತೊಡೆಯ ಮೇಲೆ ಬಿಟ್ಟುಕೊಂಡು ಕೂತರು.